ಪಕ್ಕದ ಫ್ಲ್ಯಾಟಿನವರ ಖಲಾಸ್

ಕುವೈತಿನ ಮಹಬೂಲಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ಮಂಗಳೂರು ಕಡೆಯ ಬ್ಯಾರಿ, ಟ್ಯಾಕ್ಸಿ ಓಡಿಸುತ್ತಿದ್ದರು. ಅನ್ನ ಬೆಂದರೂ, ಗಾಡಿ ನಿಲ್ಲಿಸಿದರೂ ಅಂಗೈ ಕೊಡವಿ 'ಖಲಾಸ್' ಎನ್ನುವರು. ಇಲ್ಲಿನ ಅರಬಿಯಲ್ಲಿ ಅದಕ್ಕೆ 'ಆಯ್ತು' ಎಂದಷ್ಟೇ ಅರ್ಥ. ನಮ್ಮೂರಲ್ಲಿ ಯಾರಾದರೂ ಖಲಾಸ್ ಎಂದರೆ ಸತ್ತರೆಂದೇ ಲೆಕ್ಕ. ಕುವೈತಿಗೆ ಹೊಸಬಳಾದ ನನ್ನದು ಇನ್ನೂ ಊರಿನ ಕಿವಿ.

ನನ್ನ ಗಂಡನಿಗೆ ಹೊಟ್ಟೆಯ ಆಪರೇಶನ್ ಆದ ದಿನ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದವರು ಅವರೊಬ್ಬರೇ. ಒಳಗೆ ವಿಚಾರಿಸಿ ಓಡಿ ಬಂದವರು ಅಂಗೈ ಕೊಡವಿ, "ಖಲಾಸ್ ಮೇಡಂ!" ಎಂದರು. ನಾನು ನೆಲಕ್ಕೆ ಕುಸಿದೆ.

ಅವರು ಗಾಬರಿಯಾಗಿ ನನ್ನೆದುರೇ ಕುಕ್ಕರುಗಾಲಲ್ಲಿ ಕೂತರು. "ಯಾ ಅಲ್ಲಾ! ಆಪರೇಶನ್ ಖಲಾಸ್ ಅಕ್ಕಾ, ಭಾವ ಅಲ್ಲ! ಭಾವ ಕಣ್ಣು ಬಿಟ್ಟು ನಿಮ್ಮನ್ನೇ ಕೇಳ್ತಾ ಇದ್ದಾರೆ!"

ಅಲ್ಲಿಯವರೆಗೆ ನಾವು ಅವರಿಗೆ ಬರೀ ಸಾರ್, ಮೇಡಂ ಆಗಿದ್ದೆವು.