ನಮ್ಮನೆಯವರು ಕಾಯ್ತಿರ್ತಾರೆ

ಫ್ರಿಜ್ ರಿಪೇರಿ ಮಾಡುವವನಿಗೆ ಹೋಟೆಲುಗಳ ಮುಂಬಾಗಿಲು ಗೊತ್ತಿರುವುದಿಲ್ಲ. ಅವನು ಹಿಂಬಾಗಿಲಿನಿಂದ ಒಳಹೊಕ್ಕು, ಮುಸುರೆ ಡ್ರಮ್ಮು ದಾಟಿ, ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿ ಕೂತು, ಕೆಲಸ ಮುಗಿಸಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತಾನೆ. ಐಸಣ್ಣ ಮೀಸೆ ಚಿಗುರಿದಾಗಿನಿಂದ ಹೀಗೇ ಓಡಾಡಿದವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ರೇಷನ್ ಕಾರ್ಡಿನಲ್ಲೇ ಉಳಿದುಹೋಗಿತ್ತು. ಯಾವ ಹೋಟೆಲಿನ ಫ್ರಿಜ್ಜಿನಲ್ಲಿ ಮೊನ್ನೆಯ ಮೀನು ನಿನ್ನೆಯ ಅನ್ನವನ್ನು ತಬ್ಬಿಕೊಂಡು ಮಲಗಿರುತ್ತದೆ ಎನ್ನುವುದನ್ನು ಕಣ್ಣಾರೆ ಕಂಡವನಾದ್ದರಿಂದ ಹೊರಗಡೆ ಒಂದು ಲೋಟ ಚಹಾ ಬಿಟ್ಟರೆ ಏನನ್ನೂ ಬಾಯಿಗೆ ಇಡುತ್ತಿರಲಿಲ್ಲ. ಯಾರಾದರೂ ಊಟಕ್ಕೆ ಕರೆದರೆ, “ಬೇಡಪ್ಪ, ಮನೇಲಿ ಮಾಡಿಟ್ಟಿರ್ತಾಳೆ” ಅನ್ನುತ್ತಿದ್ದ.

ಮನೆಯಲ್ಲಿ ಮಾಡಿಟ್ಟಿರುತ್ತಿದ್ದವಳು ಅವನ ಹೆಂಡತಿ. ಅವಳ ಉದ್ಯೋಗವೂ ಅದೇ. ಆಸ್ಪತ್ರೆಯ ಹಿಂದಿದ್ದ ನರ್ಸುಗಳ ಹಾಸ್ಟೆಲಿನಲ್ಲಿ ಅಡುಗೆಯವಳು. ಹಾಸ್ಟೆಲಿನಲ್ಲಿ ಕೊಪ್ಪರಿಗೆಗಟ್ಟಲೆ ಬೇಯಿಸಿ ಬಡಿಸಿ, ಮನೆಗೆ ಬಂದು ಗಂಡನಿಗೂ ಮಗಳಿಗೂ ಮತ್ತೆ ಒಲೆ ಹಚ್ಚುತ್ತಿದ್ದಳು. “ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ. ನಾನು ಎರಡೂ ಮಾಡ್ತೀನಿ, ಆದ್ರೂ ಕೆಳಗೇ ಉಳಿದೆ ನೋಡಿ” ಎಂದು ನಗುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ಗಾದೆ. ಇವರ ಮನೆಯಲ್ಲಿ ಜಗಳ ಉಣ್ಣುವಾಗಲೇ ಶುರುವಾಗುತ್ತಿತ್ತು. ಉಪ್ಪು ಸರಿಯಾಗಿದ್ದ ದಿನ ಅವನು ಸುಮ್ಮನೆ ಉಣ್ಣುತ್ತಿದ್ದ, ಹೆಚ್ಚೋ ಕಡಿಮೆಯೋ ಆದ ದಿನ ಮಾತಾಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವಳ ಕೈಯಡುಗೆಯ ಬಗ್ಗೆ ಅವನಾಡಿದ್ದೆಲ್ಲ ಇಷ್ಟೇ.

ಅವಳು ಕೆಲಸದಿಂದ ನಿವೃತ್ತಳಾಗಿ ಸ್ವಲ್ಪ ಕಾಲ ಕಳೆದ ಮೇಲೆ ಮರೆವು ಕಾಣಿಸಿಕೊಂಡಿತು. ಮೊದಮೊದಲು ನಗುವಂಥದ್ದು: ಚಪ್ಪಲಿಯನ್ನು ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದು, ಮಗಳನ್ನು ತಂಗಿಯ ಹೆಸರಿಂದ ಕರೆದದ್ದು. ಆಮೇಲೆ ಒಲೆಯ ಮೇಲೆ ಪಾತ್ರೆ ಇಟ್ಟು ಮರೆಯತೊಡಗಿದಳು. ಒಂದು ಮಧ್ಯಾಹ್ನ ಐಸಣ್ಣ ಕೆಲಸದಿಂದ ಬಂದಾಗ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಒಳಗೆ ಅಡುಗೆಮನೆಯ ಕಿಟಕಿಯ ಪರದೆ ಉರಿದು ಬೂದಿಯಾಗಿತ್ತು, ಗೋಡೆ ಸೂರಿನ ತನಕ ಕಪ್ಪಗಾಗಿತ್ತು. ಅವಳು ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತು, ಕೆಮ್ಮುತ್ತಾ, ತಲೆ ಬಾಚಿಕೊಳ್ಳುತ್ತಿದ್ದಳು.

“ಏನೇ ಇದು?”

“ಯಾರೋ ಏನೋ ಸುಡ್ತಿದಾರೆ. ಪಕ್ಕದ ಮನೆಯವರಿರಬೇಕು. ಹೇಳಿ ಬನ್ನಿ ಅವರಿಗೆ” ಅಂದಳು.

ಎರಡು ಬೀದಿ ಆಚೆ ಇದ್ದ ಮಗಳು ಸುದ್ದಿ ಕೇಳಿ ಓಡಿ ಬಂದಳು. ಶಾಲೆಯ ಕಚೇರಿಯಲ್ಲಿ ಗುಮಾಸ್ತೆ ಅವಳು. ಮಾತು ಚೂಪು, ಕೈ ಮೃದು. ಅಮ್ಮನ ಮುಖ ಒರೆಸಿ, ಸಿಲಿಂಡರನ್ನು ತಾನೇ ಎತ್ತಿ ಹೊರಗಿಟ್ಟಳು.

“ಅಪ್ಪ, ಇನ್ನು ಈ ಮನೇಲಿ ಬೆಂಕಿ ಬೇಡ. ಊಟ ನಾನು ಕಳಿಸ್ತೀನಿ.”

ಕಳಿಸಿದಳು. ಅಮ್ಮ ಮುಟ್ಟಲಿಲ್ಲ. ಯಾರೋ ಮಾಡಿದ್ದನ್ನು ತನ್ನ ಮನೆಯೊಳಗೆ ತಂದಿಟ್ಟರೆ ಅವಳಿಗೆ ತಲೆ ಕೆಡುತ್ತಿತ್ತು. “ನನ್ನ ಅಡುಗೆಮನೆಗೆ ಯಾರು ಬಂದಿದ್ದು? ನಾನೇನು ಸತ್ತಿದೀನಾ?” ಎಂದು ಡಬ್ಬಿಯನ್ನು ಹಾಗೇ ಹೊರಗೆ ಎಸೆಯುತ್ತಿದ್ದಳು. ಮಗಳ ಮನೆಯಲ್ಲೂ ಅದೇ ಕಥೆ. ನೇರ ಒಳಗೆ ನುಗ್ಗಿ ಮಗಳ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದಳು. ಐಸಣ್ಣನಿಗೋ ನೀರು ಕಾಯಿಸುವುದಕ್ಕಿಂತ ಹೆಚ್ಚೇನೂ ಬಾರದು. ಹಸಿದು ಸೊರಗುತ್ತಿದ್ದವಳನ್ನು ನೋಡಲಾಗದೆ ಒಂದು ದಿನ ಸೀರೆ ಬದಲಿಸಲು ಹೇಳಿ, ಕೈಹಿಡಿದು ಹೋಟೆಲಿಗೆ ಕರೆದುಕೊಂಡು ಹೋದ. ಮುಂಬಾಗಿಲಿನಿಂದ.

ಅಲ್ಲಿ ಅವಳು ತಟ್ಟೆ ಚೊಕ್ಕವಾಗುವ ಹಾಗೆ ಉಂಡಳು. ಹೋಟೆಲು ಅಂದಮೇಲೆ ಬೇರೆಯವರೇ ಮಾಡಬೇಕಲ್ಲ, ಅದರಲ್ಲಿ ಅವಳಿಗೆ ತಕರಾರಿರಲಿಲ್ಲ.

ಹಾಗೆ ಶುರುವಾಯಿತು ಅವರ ಓಡಾಟ. ಯಾವ ಅಡುಗೆಮನೆ ಚೊಕ್ಕಟ ಎಂಬುದು ಅವನಿಗೆ ಗೊತ್ತಿತ್ತು, ಯಾವ ಅಡುಗೆಗೆ ಕೈರುಚಿ ಇದೆ ಎಂಬುದನ್ನು ಅವಳು ಮೊದಲ ತುತ್ತಿಗೇ ಹೇಳುತ್ತಿದ್ದಳು. ಒಂದು ಕಡೆ ಸೂಪು ಚೆನ್ನ, ಇನ್ನೊಂದು ಕಡೆ ಮೀನು. ಮಾರುಕಟ್ಟೆಯ ಮಹಡಿ ಹೋಟೆಲಿನಲ್ಲಿ ಆಲೂಗಡ್ಡೆಯನ್ನು ಬಾಯಿಗಿಟ್ಟು, “ಇವನಿಗೆ ಹೆಂಡತಿ ಮೇಲೆ ಕೋಪ ಇದೆ ರೀ, ಖಾರ ನೋಡಿ” ಎಂದು ಸೆರಗಲ್ಲಿ ಬಾಯಿ ಮುಚ್ಚಿ ನಕ್ಕಳು. ಬಡಿಸುವವರಿಗೆ “ನೀನು ಉಂಡ್ಯಾ ಮಗ?” ಎಂದು ಕೇಳುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಅವರು ಹೀಗೆ ಸುತ್ತಿದವರಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತಾಗ, ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುವುದನ್ನು ಐಸಣ್ಣ ಆ ವಯಸ್ಸಿನಲ್ಲಿ ಮೊದಲ ಸಲ ನೋಡಿದ. ಮನೆಯಲ್ಲಿ ಅವಳು ಯಾವತ್ತೂ ಅವನೆದುರು ಕೂತು ಉಂಡಿರಲಿಲ್ಲ, ನಿಂತೇ ಬಡಿಸುತ್ತಿದ್ದಳು. ಕಾಯಿಲೆಯೇ ಒಂದು ಉಪಕಾರ ಮಾಡಿತೇನೋ ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆ ಸುಖ ಬಹಳ ಕಾಲ ನಡೆಯಲಿಲ್ಲ. ಗಾಜಿನ ಬಾಗಿಲಿನ ದೊಡ್ಡ ಹೋಟೆಲಿನಲ್ಲಿ, ಭಾನುವಾರದ ಗದ್ದಲದಲ್ಲಿ, ಅವಳು ಇದ್ದಕ್ಕಿದ್ದ ಹಾಗೆ ಎದ್ದು ಪಕ್ಕದ ಮೇಜಿನವನ ಎದುರಿನಿಂದ ತಟ್ಟೆ ಎತ್ತಿಕೊಂಡಳು. ಅವನ ತುತ್ತು ಇನ್ನೂ ಕೈಯಲ್ಲೇ ಇತ್ತು.

“ಏಯ್, ಏನಮ್ಮಾ ಇದು!”

“ಬೇಗ ಬೇಗ ಏಳಿ. ಮುಂದಿನ ಪಂಕ್ತಿಯವರು ಕಾಯ್ತಿದಾರೆ, ಡ್ಯೂಟಿಗೆ ಹೊತ್ತಾಗುತ್ತೆ” ಎಂದು ಅವಳು ಇನ್ನೊಂದು ತಟ್ಟೆಗೂ ಕೈ ಹಾಕಿದಳು. ಹಾಸ್ಟೆಲಿನ ಊಟದ ಮನೆಯಲ್ಲಿದ್ದಳು ಅವಳು. ಐಸಣ್ಣ ಬಿಡಿಸಿಕೊಳ್ಳಲು ಹೋದರೆ ತಟ್ಟೆ ಜಾರಿ ಒಂದು ಮಗುವಿನ ಮೇಲೆ ಬಿತ್ತು. ಮಗು ಕಿರುಚಿತು. ಅದರ ತಾಯಿ ಆಡಿದ ಮಾತನ್ನು ಇಲ್ಲಿ ಬರೆಯುವುದು ಬೇಡ. ಹೋಟೆಲಿನ ಯಜಮಾನ ಹಳೆಯ ಪರಿಚಯದವನು, ಬಾಗಿಲ ತನಕ ಜೊತೆಗೆ ಬಂದು ತಲೆ ತಗ್ಗಿಸಿ ಹೇಳಿದ:

“ಐಸಣ್ಣ, ತಪ್ಪು ತಿಳ್ಕೋಬೇಡಿ. ನೀವು ಯಾವಾಗ ಬೇಕಾದ್ರೂ ಬನ್ನಿ. ಅವರನ್ನ ಮಾತ್ರ...”

“ಅವಳಿಲ್ದೆ ನಾನ್ಯಾಕೆ ಬರಲಿ?” ಅಂದ ಐಸಣ್ಣ.

ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. ಮಹಡಿ ಹೋಟೆಲಿನಲ್ಲಿ ಅವಳು ಅಡುಗೆಮನೆಗೆ ನುಗ್ಗಿ ಕುದಿಯುವ ನೀರಿಗೆ ಬರಿಗೈ ಹಾಕಿದಳು. ಅಂಗೈ ಬೊಬ್ಬೆಯೆದ್ದು ಸುಲಿಯಿತು, ವಾಸಿಯಾದ ಮೇಲೂ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಇನ್ನೊಂದು ಕಡೆ ಉಟ್ಟ ಬಟ್ಟೆಯಲ್ಲೇ ಕುರ್ಚಿ ಒದ್ದೆಯಾಯಿತು. ಕಡೆಗೆ ಉಳಿದದ್ದು ಲಾರಿ ನಿಲ್ದಾಣದ ಎದುರಿನ ತಗಡಿನ ಸೂರಿನ ಹೋಟೆಲು. ಅಲ್ಲಿಯ ಫ್ರಿಜ್ಜನ್ನು ನೋಡಿ ಐಸಣ್ಣ ಹಿಂದೊಮ್ಮೆ ಮೂಗು ಮುಚ್ಚಿಕೊಂಡು ಓಡಿದ್ದ. ಅದರ ಒಡತಿ, ಲಾರಿಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದ ಗಡಸು ದನಿಯ ಹೆಂಗಸು, ಇವಳ ಕೈಗೆ ಒಂದು ಒಣಬಟ್ಟೆಯನ್ನೂ ಒದ್ದೆ ಚಮಚಗಳ ರಾಶಿಯನ್ನೂ ಕೊಟ್ಟು, “ಒರೆಸಿಕೊಡು ತಾಯಿ, ನನಗೂ ಸಹಾಯ ಆಗುತ್ತೆ” ಅಂದಳು. ಚಮಚ ಒರೆಸುತ್ತಾ ಕೂತವಳು ಯಾರ ತಟ್ಟೆಗೂ ಕೈ ಹಾಕಲಿಲ್ಲ. ದಿನಾ ಮಧ್ಯಾಹ್ನ ಲಾರಿಗಳ ಗದ್ದಲ ಇಳಿದ ಮೇಲೆ ಗಂಡ ಹೆಂಡತಿ ಅಲ್ಲಿಗೆ ಹೋಗುವುದು ರೂಢಿಯಾಯಿತು.

ಅಲ್ಲೇ ಒಂದು ದಿನ ಅವಳು ತುತ್ತು ನಿಲ್ಲಿಸಿ, ಅವನನ್ನು ದಿಟ್ಟಿಸಿ ನೋಡಿ, ದನಿ ತಗ್ಗಿಸಿ ಕೇಳಿದಳು:

“ಅಣ್ಣಾ, ಒಂದು ಮಾತು ಹೇಳ್ಲಾ? ನೀವು ದಿನಾ ನನ್ನ ಮೇಜಲ್ಲೇ ಕೂತ್ಕೋತೀರಿ. ನೋಡಿದವರು ಏನಂದ್ಕೋತಾರೆ?”

ಕಟ್ಟಿಕೊಂಡ ಹೆಂಡತಿಯ ಬಾಯಿಂದ ಅಣ್ಣಾ ಎನಿಸಿಕೊಂಡ ಗಂಡಸಿಗೆ ಎದೆಯಲ್ಲಿ ಏನಾಗುತ್ತದೋ ಅದು ಐಸಣ್ಣನಿಗೆ ಆಯಿತು.

“ಯಾಕೆ, ನಾನು ಕೂತ್ರೆ ಏನಾಗುತ್ತೆ?”

“ನೀವು ಒಳ್ಳೆಯವರೇ. ಆದ್ರೆ ನಾನು ಮದುವೆ ಆದವಳು. ಪರಗಂಡಸಿನ ಜೊತೆ ಹೋಟೆಲಲ್ಲಿ ಕೂತಿದ್ದೆ ಅಂತ ಗೊತ್ತಾದ್ರೆ ನಮ್ಮನೆಯವರು ನೊಂದ್ಕೋತಾರೆ.”

ಐಸಣ್ಣ ತಟ್ಟೆ ನೋಡುತ್ತಲೇ ಕೇಳಿದ, “ನಿಮ್ಮನೆಯವರು ಎಂಥವರಮ್ಮ?”

“ದುಡಿಯೋ ಜನ. ಕುಡಿತ ಇಲ್ಲ, ಕೈ ಎತ್ತಲ್ಲ. ಮಾತು ಮಾತ್ರ ಕಮ್ಮಿ. ಚೆನ್ನಾಗಿದೆ ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದವರಲ್ಲ.” ಸ್ವಲ್ಪ ಯೋಚಿಸಿ, “ಹೇಳಿದ್ರೆ ಏನು ಹೋಗ್ತಿತ್ತೋ ಅವರ ಗಂಟು” ಅಂದಳು. ಆಮೇಲೆ ಗಾಬರಿಯಾಗಿ ಅತ್ತಿತ್ತ ನೋಡಿದಳು. “ಮನೇಲಿ ಕಾಯ್ತಿರ್ತಾರೆ ಪಾಪ. ಹೊರಗೆ ಏನೂ ತಿನ್ನಲ್ಲ ಅವರು.”

ಐಸಣ್ಣ ತನ್ನ ತಟ್ಟೆ ಎತ್ತಿಕೊಂಡು ಹಿಂದಿನ ಮೇಜಿಗೆ ಹೋಗಿ ಕೂತ. ದೊಡ್ಡಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನಿಗೊಂದು ಲೋಟ ನೀರು ತಂದಿಟ್ಟು ಹೋದಳು.

ಅವತ್ತಿನಿಂದ ಹಿಂದಿನ ಮೇಜೇ ಅವನ ಜಾಗವಾಯಿತು. ಮುಂದೆ ಅವಳು, ಹಿಂದೆ ಇವನು. ಕೆಲವೊಮ್ಮೆ ಗುರುತು ಹತ್ತುತ್ತಿತ್ತು, “ಅಲ್ಲಿ ಯಾಕೆ ಕೂತ್ರಿ, ಬನ್ರೀ” ಅನ್ನುತ್ತಿದ್ದಳು. ಅಂಥ ದಿನ ಅವನು, “ಊಟ ಚೆನ್ನಾಗಿದೆ, ಆದ್ರೂ ನಿನ್ನ ಕೈಯಡುಗೆಯಷ್ಟಿಲ್ಲ ಕಣೇ” ಎಂದು ಹೇಳಿ ನೋಡಿದ. ಅವಳು ಅವನನ್ನೇ ನೋಡಿ, “ಹುಷಾರಿಲ್ವಾ?” ಎಂದು ಹಣೆ ಮುಟ್ಟಿದಳು.

ಕಷ್ಟ ಬಂದದ್ದು ಮನೆಗೆ ಹೋಗುವ ದಾರಿಯಲ್ಲಿ. ಅವಳನ್ನು ಒಂಟಿಯಾಗಿ ಬಿಡುವಂತಿಲ್ಲ, ಜೊತೆಗೆ ನಡೆಯಲು ಅವಳು ಬಿಡುವುದಿಲ್ಲ. ಸ್ವಲ್ಪ ಹಿಂದೆ ಉಳಿದು ಅವಳ ಮೇಲೆ ಕಣ್ಣಿಟ್ಟು ಬರುತ್ತಿದ್ದ. ಒಂದು ದಿನ ಟೈರ್ ಅಂಗಡಿಗಳ ಬೀದಿಯಲ್ಲಿ ಅವಳು ತಟ್ಟನೆ ರಸ್ತೆಗೆ ಇಳಿದಳು. ಎದುರಿಗೆ ವ್ಯಾನು. ಐಸಣ್ಣ ಓಡಿಹೋಗಿ ತೋಳು ಹಿಡಿದೆಳೆದ. ಅವಳು ತಿರುಗಿ ನೋಡಿ ಕಿರುಚಿಕೊಂಡಳು.

“ಯಾರಾದ್ರೂ ಬನ್ನಿ! ಹೋಟೆಲಿಂದ ಹಿಂದೇನೇ ಬರ್ತಿದಾನೆ! ಬಿಡೋ, ಬಿಡು ನನ್ನ!”

ಅಂಗಡಿಗಳಿಂದ ಜನ ಇಳಿದರು. “ನನ್ನ ಹೆಂಡತಿ ಇವಳು” ಎಂದ ಐಸಣ್ಣ. “ಸುಳ್ಳು! ನಮ್ಮನೆಯವರು ಬೇರೆ” ಎಂದು ಅವಳು ಅತ್ತಳು. ಅವಳ ಅಳು ಸುಳ್ಳಿನದಾಗಿರಲಿಲ್ಲ, ಅದು ಎಲ್ಲರಿಗೂ ಕಾಣುತ್ತಿತ್ತು. ಟೈರ್ ಅಂಗಡಿಯ ಒಬ್ಬ ಆಳು ಮುಂದೆ ಬಂದು ಐಸಣ್ಣನ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಚರಂಡಿಗೆ ಬಿತ್ತು. ಇನ್ನೊಬ್ಬ ಕಾಲರು ಹಿಡಿದ. ಮೈ ಮುದುಡಿ ಕೂತವನಿಗೆ ತುಟಿಯ ರಕ್ತದ ರುಚಿ ಹತ್ತಿತು. ಅವಳು ಮತ್ತೆ ಎಲ್ಲಿ ರಸ್ತೆಗೆ ಇಳಿಯುತ್ತಾಳೋ ಎಂದು ಅವನು ಆಗಲೂ ಕಾಲುಗಳ ಸಂದಿಯಿಂದ ಅವಳ ಚಪ್ಪಲಿಗಳನ್ನೇ ನೋಡುತ್ತಿದ್ದ.

ಯಾರೋ ಅವನ ಫೋನಿನಿಂದ ಮಗಳಿಗೆ ಕರೆ ಮಾಡಿದರು. ಅವಳು ಕಚೇರಿಯಿಂದ ಬಂದು, “ನನ್ನಪ್ಪ ರೀ ಅವರು! ಅಮ್ಮನಿಗೆ ನೆನಪಿಲ್ಲ, ನೆನಪು ಇಲ್ಲ!” ಎಂದು ಬೀದಿಯಲ್ಲಿ ನಿಂತು ಕೂಗುವ ತನಕ ಯಾರೂ ನಂಬಲಿಲ್ಲ. ಹೊಡೆದವನ ಮುಖ ಬಿಳಿಚಿತು. ಚರಂಡಿಗೆ ಇಳಿದು ಕನ್ನಡಕ ಹುಡುಕಿ ಅಂಗಿಯಲ್ಲಿ ಒರೆಸಿ ಕೊಟ್ಟ.

“ತಪ್ಪಾಯ್ತು ಯಜಮಾನ್ರೇ. ಗೊತ್ತಾಗ್ಲಿಲ್ಲ.”

“ನೀನು ಮಾಡಿದ್ದು ಸರಿಯಾಗೇ ಇದೆಯಪ್ಪ” ಅಂದ ಐಸಣ್ಣ. “ಹೆಂಗಸು ಕೂಗಿಕೊಂಡ್ರೆ ಯಾರಾದ್ರೂ ಬರಲೇಬೇಕು.”

ಆ ಸಂಜೆ ಮಗಳು ಅಪ್ಪನ ತುಟಿಗೆ ಔಷಧಿ ಹಚ್ಚುತ್ತಾ ತುಂಬ ದಿನದಿಂದ ಗಂಟಲಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ಊರಾಚೆ ಇಂಥವರನ್ನೇ ನೋಡಿಕೊಳ್ಳುವ ಒಂದು ಆಶ್ರಯಧಾಮವಿದೆ. ಅವಳು ಆಗಲೇ ಹೋಗಿ ನೋಡಿ ಬಂದಿದ್ದಳು.

“ನನ್ನ ಕೇಳ್ದೇನೇ ಹೋಗಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ರಿ. ನನಗೆ ಇಬ್ಬರನ್ನೂ ಕಳ್ಕೊಳ್ಳೋಕೆ ಆಗಲ್ಲಪ್ಪ.”

ಬಿಸಿತುಪ್ಪದಂಥ ಮಾತು. ನುಂಗಲೂ ಆಗದು, ಉಗುಳಲೂ ಆಗದು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ.

ಆಶ್ರಯಧಾಮದ ಉದ್ದನೆ ಕೋಣೆಯಲ್ಲಿ ಸಾಲು ಮಂಚಗಳು, ಫಿನಾಯಿಲಿನ ವಾಸನೆ, ಯಾರೂ ನೋಡದ ಒಂದು ಟೀವಿ. ಮೊದಲ ವಾರಗಳಲ್ಲಿ ಅವಳು ಊಟದ ಗಂಟೆ ಕೇಳಿದರೆ ಎದ್ದು ಬಡಿಸಲು ಹೊರಡುತ್ತಿದ್ದಳು. ಅಲ್ಲಿಯ ಆಯಾಗಳಿಗೆ ಪುರುಸೊತ್ತಿರಲಿಲ್ಲ, ಅವಳನ್ನು ಕುರ್ಚಿಗೆ ಬಟ್ಟೆಯಲ್ಲಿ ಕಟ್ಟಿ ಕೂರಿಸುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಕಟ್ಟುವ ಅಗತ್ಯವೂ ಬೀಳಲಿಲ್ಲ. ಮೈ ಇಳಿಯಿತು. ತುತ್ತು ಬಾಯಲ್ಲೇ ಉಳಿಯತೊಡಗಿತು, ನುಂಗುವುದನ್ನೂ ಮರೆಯುತ್ತಿದ್ದಾಳೆ ಎಂದರು ಡಾಕ್ಟರು. ಐಸಣ್ಣ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ. ಆಯಾ ಚಮಚ ಕೊಟ್ಟರೆ ಗಂಜಿ ತಿನ್ನಿಸುತ್ತಿದ್ದ, ಗಂಟಲು ಆಡುವುದನ್ನು ನೋಡಿ ಇನ್ನೊಂದು ಚಮಚ ಎತ್ತುತ್ತಿದ್ದ. ಅವಳು ಕಿರುಚುವುದನ್ನು ಬಿಟ್ಟಿದ್ದಳು. ಅವಳಿಗೆ ಈಗ ಯಾರಾದರೂ ಒಂದೇ ಆಗಿತ್ತು.

ಒಂದು ದಿನ ಬಟ್ಟಲು ಖಾಲಿಯಾದ ಮೇಲೆ ಅವಳು ಬಾಯಿ ಒರೆಸಿಕೊಂಡು, ಬಹಳ ದಿನಗಳ ನಂತರ ಸ್ಪಷ್ಟವಾಗಿ ಮಾತಾಡಿದಳು.

“ಚೆನ್ನಾಗಿತ್ತಪ್ಪ. ನೀನು ಉಂಡ್ಯಾ?”

“ಆಯ್ತಮ್ಮ.”

“ಬಿಲ್ಲು ನಮ್ಮನೆಯವರ ಹತ್ರ ತಗೋ. ಈಗ ಬರ್ತಾರೆ.”

“ಆಗಲಿ, ತಗೋತೀನಿ” ಅಂದ ಐಸಣ್ಣ.

ಗಂಜಿ ಉಸಿರಿನ ದಾರಿಗೆ ಇಳಿದಿರಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು. ಯಾವತ್ತಿನ ತುತ್ತು, ಯಾರ ಕೈಯದು ಎನ್ನುವುದನ್ನು ಅವರು ಹೇಳಲಿಲ್ಲ, ಹೇಳಲು ಬರುವಂಥದ್ದೂ ಅಲ್ಲ. ಮೊದಲು ಕೆಮ್ಮು ಬಂತು, ಹಿಂದೆಯೇ ಜ್ವರ. ಒಂದು ಮುಂಜಾನೆ ಮಗಳು ಬಾಗಿಲಲ್ಲಿ ಬಂದು ನಿಂತಾಗ ಐಸಣ್ಣ ಬಸ್ಸಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವಳ ಮುಖ ನೋಡಿ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.

ಈಗ ಅವನು ಮಗಳ ಮನೆಯಲ್ಲಿದ್ದಾನೆ. ರಿಪೇರಿ ಸಾಮಾನಿನ ಪೆಟ್ಟಿಗೆಯನ್ನು ಒಬ್ಬ ಪರಿಚಯದವನಿಗೆ ಕೊಟ್ಟುಬಿಟ್ಟ. ತನ್ನ ಕೈಯದೇ ಆ ತುತ್ತು ಎಂದು ಅವನ ಮನಸ್ಸಿನಲ್ಲಿದೆ. ಒಮ್ಮೆ ಮಗಳಿಗೆ ಹೇಳಿಯೂ ಹೇಳಿದ. “ಸುಮ್ನಿರಿ ಅಪ್ಪ. ನಾನೂ ತಿನ್ನಿಸ್ತಿದ್ದೆ, ಆಯಾನೂ ತಿನ್ನಿಸ್ತಿದ್ಲು” ಎಂದು ಅವಳು ಗದರಿದಳು. ಗದರಿ, ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅವನಿಗೆ ಕೇಳಿಸಿತು.