ನನ್ನ ಸರದಿಯ ಭಾನುವಾರ

ನಮ್ಮ ಓದುಗರ ಬಳಗದಲ್ಲಿ ಒಂದು ರೂಢಿ. ತಿಂಗಳಿಗೊಂದು ಭಾನುವಾರ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಪುಸ್ತಕದ ಮಾತು ಮುಗಿದ ಮೇಲೆ ಆ ಮನೆಯವರದೇ ತಿಂಡಿ. ಎಲ್ಲರೂ ಯಲಹಂಕದವರು, ಬಾಗಲಗುಂಟೆಯಿಂದ ಹೋಗುವವಳು ನಾನೊಬ್ಬಳೇ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳೂ ನಾನೇ. ಹೇಳಿಕೊಳ್ಳಲು ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು.

ನನ್ನ ಸರದಿಗೆ ಹಿಂದಿನ ತಿಂಗಳು ಓದಿದ್ದು ಅನುವಾದವಾಗಿ ಬಂದ ಒಂದು ಕಾದಂಬರಿ. ಬಿಳಿಯರ ಊರಿನಲ್ಲಿ ಕಪ್ಪು ಜನರ ಒಂದು ಸಂಸಾರವನ್ನು ಬಾಳಗೊಡದ ಕಥೆ. ಬಿಳಿಯರ ಮನೆಗೆಲಸಕ್ಕೆ ಹೋಗುವ ಆ ಸಂಸಾರದ ಹುಡುಗಿಯ ಲೋಟವನ್ನು ಹಿತ್ತಲ ಗೋಡೆಯ ಮೊಳೆಗೆ ಬೇರೆಯಾಗಿ ನೇತುಹಾಕುತ್ತಾರೆ. ಅಂದು ಮನೆಯವರಾಗಿದ್ದ ನಿವೃತ್ತ ಟೀಚರ್ ಆ ಪುಟ ಓದುತ್ತಾ ಅತ್ತೇಬಿಟ್ಟರು. "ಮನುಷ್ಯರೇನ್ರೀ ಇವರು?"

"ಆ ಲೋಟ ನಮ್ಮಜ್ಜಿಗೂ ಇತ್ತು ಮೇಡಂ, ಊರ ಹೋಟೆಲಲ್ಲಿ" ಅಂದೆ.

ಟೀಚರ್ ಕಣ್ಣೊರೆಸಿಕೊಂಡು ಪುಟ ಮಗುಚಿದರು. ಬಳಗದ ಹಿರಿಯರಾದ ಇಂಜಿನಿಯರ್, "ಅದೆಲ್ಲ ಹಳೇ ಕಾಲದ್ದು ಬಿಡಿ. ಈಗ ಯಾರ್ ನೋಡ್ತಾರೆ?" ಅಂದರು.

"ಸರಿ ಸರ್. ಮುಂದಿನ ಸರದಿ ನಮ್ಮನೇದು" ಅಂದೆ.

ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಅಷ್ಟು ಓದ್ದೋರು ನಮ್ಮನೇಲಿ ತಿಂತಾರೇನೇ?"

"ತಿನ್ನದೆ ಏನು?" ಅಂದೆ. ಅಂದೆ, ಅಷ್ಟೇ. ಆಮೇಲೆ ಒಂದು ಕಡೆ ಕೂರಲಾಗಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಎದ್ದು ನೋಡುವುದೇ ಆಯಿತು. ಕೊನೆಗೆ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಟೀಚರ್ ಹಾಕಿದರು: "ಈ ಸಲ ಪುಟ್ಟೇನಹಳ್ಳಿ ಕೆರೆ ಹತ್ತಿರದ ಪಾರ್ಕಲ್ಲಿ ಸೇರೋಣವಾ? ಎಲ್ಲರಿಗೂ ಹತ್ತಿರ." ಒಂದರ ಹಿಂದೊಂದು ಹೆಬ್ಬೆರಳು ಬಿದ್ದವು. ಏನೇನೋ ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ, "ಆಗಲಿ. ತಿಂಡಿ ಮಾತ್ರ ನಮ್ಮನೆಯಿಂದಲೇ. ಸರದಿ ನಂದು" ಎಂದು ಕಳಿಸಿದೆ.

ಶನಿವಾರ ಸಂಜೆಯೇ ಅವ್ವ ಅವರೆಕಾಯಿ ಬಿಡಿಸಿಟ್ಟಳು. ಬೆಳಗ್ಗೆ ಉಪ್ಪಿಟ್ಟಿನ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಾರ್ಕಿನಲ್ಲಿ ಏನು ಚರ್ಚೆಯಾಯಿತೋ ತಲೆಗೆ ಹೋಗಲಿಲ್ಲ. ಮುಚ್ಚಳ ತೆಗೆದಾಗ ಇಂಜಿನಿಯರ್ ಹೊಟ್ಟೆ ಸವರಿಕೊಂಡರು. "ಶುಗರ್ ಕಣಮ್ಮಾ, ಮನೇಲೇ ಮುಗಿಸ್ಕೊಂಡ್ ಬಂದೆ." ಮತ್ತೆ ಕೆಲವರಿಗೂ ಒಂದೊಂದು ಕಾರಣ ಸಿಕ್ಕಿತು.

ಟೀಚರ್, "ನಂದು ಸೋಮವಾರ ಒಪ್ಪತ್ತು..." ಅಂದರು.

"ಇವತ್ತು ಭಾನುವಾರ ಮೇಡಂ."

ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಕಿಸಕ್ಕನೆ ನಕ್ಕಳು. "ಸಿಕ್ಕಾಕ್ಕೊಂಡ್ರಲ್ಲ ಮೇಡಂ! ಅಕ್ಕಾ, ನಂಗೆ ಜಾಸ್ತಿ ಹಾಕಿ." ಟೀಚರ್ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ತಟ್ಟೆ ಚಾಚಿದರು. ಕೆರೆಯ ಕಡೆಗೇ ನೋಡುತ್ತಾ ತಿಂದರು. ನಾಚಿಕೆಗೋ, ರುಚಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಗಿಲಲ್ಲೇ ಕಾಯುತ್ತಿದ್ದ ಅವ್ವ ಕ್ಯಾರಿಯರ್ ಕೈಗೆ ತಗೊಂಡಳು. "ಭಾರ ಐತಲ್ಲೇ."

"ಇಬ್ಬರು ತಿಂದ್ರು ಕಣವ್ವಾ."

"ಇಬ್ರಾ?" ಒಳಗೆ ಹೋದವಳು ತಿರುಗಿ ಬಂದಳು. "ಉಪ್ಪು ಸರಿಯಾಗಿತ್ತಂತಾ?"

ಅದನ್ನು ಕೇಳಿಯೇ ಇರಲಿಲ್ಲ. ಚಪ್ಪಲಿಯನ್ನೂ ಬಿಡದೆ ಗ್ರೂಪಿಗೆ ಬರೆದೆ: "ತಿಂದವರು ಹೇಳಿ, ಉಪ್ಪು ಸರಿಯಿತ್ತಾ? ಅವ್ವ ಕೇಳ್ತಿದ್ದಾಳೆ. ಮುಂದಿನ ತಿಂಗಳೂ ಸರದಿ ನಂದೇ. ನಮ್ಮನೇಲಿ ಇನ್ನೂ ಆಗಿಲ್ಲ."

ಟೀಚರ್ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು, ಒದ್ದೆ ಕೈಯಲ್ಲಿ.