ಗುರುಪಾದಣ್ಣ ಹೇಳಿಕೊಟ್ಟ ಲಂಡನ್

ಗುರುಪಾದಣ್ಣ ಯಾರನ್ನೂ ನಗಲು ಬಿಡುತ್ತಿರಲಿಲ್ಲ. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಫೋಟೊ ಸ್ಟುಡಿಯೊ ಇತ್ತು. ಸ್ಟೂಲಿನ ಮೇಲೆ ಕುಳಿತವರು ತುಟಿ ಅರಳಿಸಿದರೆ ಸಾಕು, ಕ್ಯಾಮೆರಾ ಕೆಳಗಿಳಿಸಿ, "ನಗಬ್ಯಾಡ್ರಿ. ವೀಸಾ ಕೊಡಾವ್ರಿಗೆ ನಿಮ್ಮ ನಗಿ ಬೇಕಾಗಿಲ್ಲ, ಎರಡು ಕಿವಿ ಕಂಡ್ರ ಸಾಕು" ಎನ್ನುತ್ತಿದ್ದ. ದುಬೈಗೆ ಹೊರಟ ಗೌಂಡಿ, ಮಗಳ ಬಾಣಂತನಕ್ಕೆ ಹೊರಟ ತಾಯಿ, ಎಲ್ಲರೂ ಅವನ ಫೋಟೊದಲ್ಲಿ ಒಂದೇ ಥರ ಬಿಗಿದುಕೊಂಡಿರುತ್ತಿದ್ದರು. ಜೊತೆಗೆ ಉಪದೇಶ ಪುಕ್ಕಟೆ. "ವಿಮಾನದಾಗ ಬೂಟಿನ ದಾರ ಸಡ್ಲ ಬಿಡ್ರಿ, ಕಾಲು ಬಾವು ಬರ್ತಾವ. ಚಟ್ನಿಪುಡಿ ಒಯ್ಯಿರಿ, ಉಪ್ಪಿನಕಾಯಿ ಬ್ಯಾಡ."

ಅವನು ಹುಟ್ಟಿದ್ದು ಮನೋಳಿಯಲ್ಲಿ. ಹರೆಯದಲ್ಲಿ ಆರು ವರ್ಷ ಲಂಡನ್ನಿನ ಒಂದು ಫೋಟೊ ಅಂಗಡಿಯಲ್ಲಿ ದುಡಿದಿದ್ದ. ತಾಯಿ ಹಾಸಿಗೆ ಹಿಡಿದಾಗ ಬಂದವನು ತಿರುಗಿ ಹೋಗಲಿಲ್ಲ. ನಾನು ಕಂಡಾಗ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮಾಳಿಗೆಯ ಕೋಣೆಯಲ್ಲಿದ್ದ. ಲಂಡನ್ನಿನಲ್ಲಿ ಯಾವಳೋ ಮೇಮ್ ಕೈಕೊಟ್ಟಿದ್ದಾಳೆ ಎಂದು ಊರು ನಂಬಿತ್ತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಮೂರು ವಾರದ ತರಬೇತಿಗೆ ಲಂಡನ್ನಿಗೆ ಆಯ್ಕೆಯಾದಾಗ ವೀಸಾ ಫೋಟೊಕ್ಕೆ ಅವನಲ್ಲಿಗೆ ಹೋದೆ. ಫೋಟೊದ ಅಳತೆ ನನ್ನ ಫೋನಿನಲ್ಲಿತ್ತು, ನೋಡಲೆಂದು ಕೊಟ್ಟೆ. ಅದು ಅವನ ಕೈಯಲ್ಲಿದ್ದಾಗಲೇ ಪರದೆಯ ಮೇಲೆ ಒಂದು ಸಂದೇಶ ಬಂತು. ಗಂಡಸರು ಗಂಡಸರನ್ನು ಹುಡುಕುವ ಆ್ಯಪಿನದು. ಅವನು ನೋಡಿದ. ಫೋನನ್ನು ಮಗುಚಿ ಮೇಜಿನ ಮೇಲಿಟ್ಟು ಫೋಟೊ ತೆಗೆದ. ಆಮೇಲೆ ಫೋಟೊಗಳನ್ನು ಕತ್ತರಿಸುತ್ತ, ತಲೆ ಎತ್ತದೆಯೇ ಹೇಳಿದ:

"ಮಾಸ್ತರ, ಅದನ್ನ ಈ ಊರಾಗ ತಗೀಬ್ಯಾಡ್ರಿ. ಎಷ್ಟು ಮೀಟರ್ ದೂರ ಅದೀರಿ ಅಂತ ತೋರಸ್ತೈತಿ. ಇಲ್ಲಿ ಎಲ್ಲಾರೂ ಹತ್ರಾನ ಅದಾರ."

ನಾನು ಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

"ಹೆದರಬ್ಯಾಡ್ರಿ. ನಾನೂ ನಿಮ್ಮಂಗನ."

ಮೂವತ್ತೆರಡು ವರ್ಷಗಳಲ್ಲಿ ಆ ಮಾತನ್ನು ನನಗೆ ಹೇಳಿದ ಮೊದಲ ಮನುಷ್ಯ ಅವನು.

ಮುಂದಿನ ರವಿವಾರ ತನ್ನ ಸ್ಕೂಟರಿನ ಮೇಲೆ ನನ್ನನ್ನು ಕಿತ್ತೂರಿಗೆ ಕರೆದೊಯ್ದ. ಕೋಟೆಯ ಬಿದ್ದ ಗೋಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದ. ಅಂದಿನಿಂದ ನಾನು ಅವನಿಗೆ ಮಾಸ್ತರನಲ್ಲ, ತಮ್ಮ.

"ಮೊದಲ ಎರಡು ದಿನ ಎಲ್ಲೂ ಹೋಗಬ್ಯಾಡ, ನಿದ್ದಿ ಮಾಡು. ನಿದ್ದಿಗೆಟ್ಟಾವಗ ಮಂದಿ ಗುರ್ತು ಹತ್ತೂದಿಲ್ಲ. ಆಮ್ಯಾಲ ಸೋಹೋಕ್ಕ ಹೋಗು, ನಮ್ಮಂಥಾವ್ರು ಕೂಡೂ ಓಣಿ ಅದು, ಆದ್ರ ಮೊದಲ ಹಗಲ ಹೋಗು. ಓಣಿ ಕಣ್ಣಿಗೆ ರೂಢಿ ಆಗ್ಲಿ. ಯಾರರೇ ಭೆಟ್ಟಿ ಆಗೂಣು ಅಂದ್ರ ಮೊದಲ ಚಾದಂಗಡಿ, ಮನಿ ಆಮ್ಯಾಲ. ಗ್ಲಾಸ್ ನಿನ್ನ ಕೈಯಾಗ ಇರ್ಲಿ. ಬಿಟ್ಟು ಎದ್ದು ಹೋದಿ ಅಂದ್ರ ಬಂದು ಅದನ್ನ ಕುಡೀಬ್ಯಾಡ, ಹೊಸಾದು ತಗೋ. ಪಾಸ್‌ಪೋರ್ಟ್ ರೂಮಿನಾಗ, ಝೆರಾಕ್ಸ್ ಕಿಸೇದಾಗ."

ನಾನು ಪೆನ್ನು ತೆಗೆದೆ. ಅವನು ಅದನ್ನು ಕಸಿದುಕೊಂಡು ತನ್ನ ಜೇಬಿಗೆ ಸಿಕ್ಕಿಸಿದ. "ಬರಿಯೂದು ಏನೂ ಬ್ಯಾಡ. ತಲ್ಯಾಗ ಇಟ್ಕೋ."

ಕಾಂಡೋಮಿನ ವಿಷಯವನ್ನು ಬಿತ್ತನೆ ಬೀಜದ ಬಗ್ಗೆ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದ. ಏನಾದರೂ ಅನುಮಾನ ಬಂದರೆ ಅಲ್ಲಿ ಇದಕ್ಕೆಂದೇ ದವಾಖಾನೆಗಳಿವೆ, ತಡಮಾಡದೆ ಹೋಗಬೇಕು ಎಂದ. "ಅಲ್ಲಿ ಡಾಕ್ಟರ್ ಎಷ್ಟು ಮಂದಿ ಅಂತ ಕೇಳ್ತಾನ, ಯಾಕ ಅಂತ ಕೇಳೂದಿಲ್ಲ. ನಾಚಬ್ಯಾಡ, ಖರೇ ಹೇಳು. ಯಾರರೇ ಹೆದರಿಸಿದ್ರ ಪೊಲೀಸರ ಕಡೆ ಹೋಗು. ಅಲ್ಲಿ ಹೋಗಬಹುದು. ನಮ್ಮ ಕಡೆ ಮಂದಿ ಸಿಕ್ರ ಮಾತ್ರ ಊರ ಹೆಸರು ಹೇಳಬ್ಯಾಡ, ಬೆಳಗಾವಿ ಅಂತನೂ ಹೇಳಬ್ಯಾಡ. ಮತ್ತ, ಎಲ್ಲಿಗೆ ಹೊಂಟಿ ಅನ್ನೂದು ಒಬ್ಬರಿಗಾದ್ರೂ ಗೊತ್ತಿರಬೇಕು. ನನಗ ಕಳಿಸು. 'ಪಾಠಕ್ಕ ಹೊಂಟೇನಿ' ಅಂತ ಬರಿ, ಬಂದ ಮ್ಯಾಲ 'ಪಾಠ ಮುಗೀತು' ಅಂತ ಬರಿ. ನಾ ತಿಳ್ಕೋತೇನಿ."

"ನೀವು ಯಾಕ ತಿರುಗಿ ಹೋಗಲಿಲ್ರಿ ಅಣ್ಣಾ?" ಎಂದು ಕೇಳಿದೆ.

"ಪೀಟರ್ ಅಂತ ಇದ್ದ. ಮೂರು ವರ್ಷ ಒಂದ ಮನ್ಯಾಗ ಇದ್ವಿ. ಒಂದು ತಿಂಗಳ ಅಂತ ಅವಗ ಹೇಳಿ ಬಂದೆ. ಅವ್ವ ಒಂಬತ್ತು ವರ್ಷ ಬದುಕಿದ್ಲು." ಬುತ್ತಿಯ ಬಟ್ಟೆ ಮಡಚುತ್ತ ಹೇಳಿದ, "ಪೀಟರ್ ಎರಡು ವರ್ಷ ಪತ್ರ ಬರದ. ಆಮ್ಯಾಲ ಬರೀಬ್ಯಾಡ ಅಂತ ನಾನ ಹೇಳಿದೆ."

"ಮತ್ತ ಇಲ್ಲಿ ಹೆಂಗ ಇರಬೇಕ್ರಿ?"

ಗೋಡೆಯ ಸಂದಿನ ಹುಲ್ಲು ಕೀಳುತ್ತ ಕೂತ. "ಅಲ್ಲೀದು ಹೇಳ್ತೇನಿ ತಮ್ಮಾ. ಇಲ್ಲೀದು ನನಗ ತಿಳೀಲಿಲ್ಲ."

ಲಂಡನ್ನಿನಲ್ಲಿ ಅವನು ಹೇಳಿದ ಹಾಗೆಯೇ ಮಾಡಿದೆ. ನಿದ್ದೆ ಮಾಡಿದೆ, ಹಗಲು ಹೋದೆ. ಒಂದು ಶನಿವಾರ ಮಧ್ಯಾಹ್ನ ಸಂತೆಯಲ್ಲಿ ಇಬ್ಬರು ಮುದುಕರು ಕೈ ಕೈ ಹಿಡಿದುಕೊಂಡು ತರಕಾರಿ ಆರಿಸುತ್ತಿದ್ದರು. ಚೀಲ ಮರೆತು ಬಂದಿದ್ದಕ್ಕೆ ಒಬ್ಬ ಇನ್ನೊಬ್ಬನನ್ನು ಬೈಯುತ್ತಿದ್ದ. ಯಾರೂ ತಿರುಗಿ ನೋಡಲಿಲ್ಲ, ನಾನೊಬ್ಬನೇ ನೋಡುತ್ತ ನಿಂತೆ. ರೂಮಿಗೆ ಬಂದು ಅದನ್ನು ಗುರುಪಾದಣ್ಣನಿಗೆ ಬರೆದೆ. ಮರುದಿನ ಉತ್ತರ ಬಂತು: "ಪೀಟರನೂ ಚೀಲ ಮರೀತಿದ್ದ. ಊಟ ಮಾಡಿದೇನು?"

ಒಬ್ಬ ಗ್ರಂಥಪಾಲಕನ ಜೊತೆ ಮೂರು ಸಲ ಚಹಾ ಕುಡಿದೆ, ನದಿಯ ದಂಡೆಗುಂಟ ನಡೆದೆ. ಮತ್ತೆ ಯಾವಾಗ ಬರುತ್ತೀ ಎಂದು ಅವನು ಕೇಳಿದಾಗ ಬೇಗ ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಊರಿಗೆ ಬಂದ ಮರುವರ್ಷ, ನನ್ನನ್ನು ಎಚ್ಚರಿಸಿದ್ದ ಅಪಾಯಕ್ಕೆ ಗುರುಪಾದಣ್ಣನೇ ಸಿಕ್ಕಿದ. ನನಗೆ ಬೇಡವೆಂದ ಆ್ಯಪನ್ನು ಅವನೇ ಬಳಸತೊಡಗಿದ್ದ. ಎಷ್ಟು ವರ್ಷ ಒಬ್ಬನೇ ಮಾಳಿಗೆಯ ಕೋಣೆಯಲ್ಲಿ ಇದ್ದಾನು? ಒಬ್ಬ ಎರಡು ತಿಂಗಳು ಸವಿಯಾಗಿ ಮಾತಾಡಿ, ಸವದತ್ತಿ ಹತ್ತಿರದ ಉಗರಗೋಳದಲ್ಲಿ ಯಾತ್ರಿಕರಿಗೆ ಕೊಡುವ ಕೋಣೆಯೊಂದಕ್ಕೆ ಮಧ್ಯಾಹ್ನ ಕರೆದ. ಚಾದಂಗಡಿ ಮೊದಲು ಎಂದು ನನಗೆ ಹೇಳಿದವನು ನೇರವಾಗಿ ಕೋಣೆಗೆ ಹೋದ. ಸವದತ್ತಿಯ ಯಾವ ಚಾದಂಗಡಿಯಲ್ಲಿ ತಾನೇ ಕೂರಬಹುದಿತ್ತು? ಒಳಗೆ ಮೂವರಿದ್ದರು. ಹೊಡೆದು, ವಿಡಿಯೊ ಮಾಡಿದರು. ಅವರು ಕೇಳಿದ ದುಡ್ಡು ಕೊಡಲು ಅವನು ಒಪ್ಪಲಿಲ್ಲ. ವಿಡಿಯೊ ಅವನ ಅಣ್ಣನ ಫೋನಿಗೆ ಬಂತು. ಎರಡೇ ದಿನದಲ್ಲಿ ಊರಿಗೆಲ್ಲ ಬಂತು.

ಫೋನ್ ಮಾಡಿದೆ. "ಪೊಲೀಸರಿಗೆ ಹೇಳೂಣ್ರಿ ಅಣ್ಣಾ. ಇದು ತಪ್ಪಲ್ಲ ಅಂತ ಕೋರ್ಟ ಹೇಳೇತಿ."

"ಕೋರ್ಟು ದಿಲ್ಲ್ಯಾಗ ಐತಿ ತಮ್ಮಾ. ನಮ್ಮಣ್ಣ ಕೆಳಗಿನ ಮನ್ಯಾಗ ಅದಾನ. ನೀ ಇನ್ನ ನನಗ ಫೋನ್ ಮಾಡಬ್ಯಾಡ."

ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಮಕ್ಕಳ ಪರೀಕ್ಷೆಯ ಫೋಟೊಗಳನ್ನು ಪ್ರತಿ ವರ್ಷ ಅವನೇ ತೆಗೆಯುತ್ತಿದ್ದ. ಆ ವಾರ ಹೆಡ್‌ಮಾಸ್ತರರು ನಮ್ಮನ್ನೆಲ್ಲ ಕರೆದು, "ಈ ವರ್ಷ ಬ್ಯಾರೆ ಸ್ಟುಡಿಯೊದವ್ರಿಗೆ ಹೇಳೂಣು. ಮಕ್ಕಳ ಪ್ರಶ್ನೆ ಐತಿ. ಒಪ್ಪಿಗಿ ಇದ್ದವ್ರು ಕೈ ಎತ್ರಿ" ಎಂದರು. ನಾನು ಕೈ ಎತ್ತಿದೆ. ಕೊನೆಯಲ್ಲಿ ಎತ್ತಿದವನೂ ನಾನಲ್ಲ.

ಎರಡು ತಿಂಗಳಿಗೆ ಸ್ಟುಡಿಯೊದ ಬಾಗಿಲಿಗೆ ಬೀಗ ಬಿತ್ತು. ಅವನು ರಾಮದುರ್ಗದಲ್ಲಿ ಯಾರದೋ ಅಂಗಡಿಯಲ್ಲಿ ಝೆರಾಕ್ಸ್ ಮಾಡುತ್ತಿದ್ದಾನೆಂದು ತಿಳಿದು, ಐದು ತಿಂಗಳ ಮೇಲೆ ಹೋದೆ. ತೆಳ್ಳಗಾಗಿದ್ದ. ಎಡಗಣ್ಣಿನ ಮೇಲೆ ಹೊಲಿಗೆಯ ಗುರುತಿತ್ತು. ಹೊರಗೆ ಬಂದು ನನ್ನ ಜೊತೆ ಬೇವಿನ ಗಿಡದ ಕೆಳಗೆ ನಿಂತ.

"ಸಾಲ್ಯಾಗ ನಾನೂ ಕೈ ಎತ್ತಿದೆ ಅಣ್ಣಾ," ಎಂದೆ.

"ಗೊತ್ತೈತಿ. ಎತ್ತದಿದ್ರ ನೀನೂ ಅಂಥಾವ ಏನು ಅಂತ ಕೇಳ್ತಿದ್ರು. ಛಲೋ ಮಾಡಿದಿ."

ಬೈದಿದ್ದರೆ ಹಗುರಾಗುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಚೀಲದಿಂದ ನನ್ನ ಲಗ್ನಪತ್ರಿಕೆ ತೆಗೆದು ಅವನ ಕೈಗಿಟ್ಟೆ. ಹುಡುಗಿ ಸಂಗೊಳ್ಳಿಯವಳು. ಅವನು ಆಕೆಯ ಹೆಸರನ್ನು ನಿಧಾನವಾಗಿ ಓದಿದ.

"ಈ ಹುಡಿಗಿಗೆ ಹೇಳೀಯೇನು?"

"ಇಲ್ರಿ."

"ಹೇಳಾಂವ ಅದೀಯೇನು?"

"ಅವ್ವ ದಿನಾ ಅಳ್ತಾಳ್ರಿ" ಎಂದೆ.

"ನಮ್ಮವ್ವನೂ ಅಳ್ತಿದ್ಲು. ಆದ್ರ ನನ್ನ ಸಲುವಾಗಿ ಬ್ಯಾರೆ ಯಾರ ಮಗಳೂ ಅಳಲಿಲ್ಲ." ಪತ್ರಿಕೆಯನ್ನು ಮಡಚಿ ನನ್ನ ಕೈಗೆ ತಿರುಗಿ ಕೊಟ್ಟ. "ಇದನ್ನ ನನಗ ಕೊಡಬ್ಯಾಡ."

ಅಂಗಡಿಗೆ ಗಿರಾಕಿ ಬಂದರು. ಅವನು ಒಳಗೆ ಹೋದ. ನಾನು ಬಸ್ಸು ಬರುವವರೆಗೆ ಅಲ್ಲಿಯೇ ನಿಂತಿದ್ದೆ. ಅವನು ಮತ್ತೆ ಹೊರಗೆ ಬರಲಿಲ್ಲ.

ಲಗ್ನವಾಯಿತು. ಈಚೆಗೆ ಮತ್ತೊಮ್ಮೆ ರಾಮದುರ್ಗಕ್ಕೆ ಹೋದಾಗ ಅಂಗಡಿಯ ಮಾಲೀಕರು, "ಬಿಟ್ಟು ಹೋದ್ರಿ. ಎಲ್ಲಿಗೆ ಅಂತ ಹೇಳಲಿಲ್ಲ" ಎಂದರು. ಅವನ ನಂಬರಿಗೆ ಕರೆ ಹೋಗುವುದಿಲ್ಲ. ಅವನ ಅಣ್ಣನನ್ನು ಕೇಳುವ ಧೈರ್ಯ ನನಗಿಲ್ಲ.

ನನ್ನ ಹೆಂಡತಿ ಒಳ್ಳೆಯವಳು. ಊಟಕ್ಕೆ ಕೂತಾಗ ಒಮ್ಮೊಮ್ಮೆ, "ಲಂಡನ್ ಹೆಂಗೈತಿ ಹೇಳ್ರಿ" ಎನ್ನುತ್ತಾಳೆ. ನದಿ ಹೇಳುತ್ತೇನೆ, ಸೇತುವೆ ಹೇಳುತ್ತೇನೆ, ನೆಲದ ಕೆಳಗಿನ ರೈಲು ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೂ ಆಕೆ, ಇನ್ನೂ ಏನೋ ಇದೆ ಎಂಬಂತೆ, ತುತ್ತು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾಯುತ್ತಾಳೆ.